22 ತಿಂಗಳಾಯಿತು, ರಾತ್ರಿ ಬಾಟ್ಲಿ ಬಿಡುತ್ತಿಲ್ಲ: ನೀವು ಹೇಗೆ ಬಿಡಿಸಿದಿರಿ?

ಶಹಾಪುರ ಟೀಚರ್
ಮಗನಿಗೆ 22 ತಿಂಗಳು. ನೀರು, ಮಜ್ಜಿಗೆ ಲೋಟದಲ್ಲೇ ಕುಡಿಯುತ್ತಾನೆ. ಹಾಲು ಮಾತ್ರ ಬಾಟ್ಲಿಯಲ್ಲೇ ಬೇಕು. ಮಲಗುವಾಗ ಒಂದು, ರಾತ್ರಿ ಎರಡೂವರೆಗೆ ಒಂದು, ಬೆಳಗಿನ ಜಾವ ಒಂದು. ನನಗೆ ಈಗ ಎಂಟು ತಿಂಗಳು, ಮುಂದಿನ ತಿಂಗಳು ಎರಡನೇ ಹೆರಿಗೆ. ಈಗಲೇ ಬಿಡಿಸಲಾ, ಪಾಪು ಬಂದು ಸ್ವಲ್ಪ ದಿನ ಆದ ಮೇಲಾ? ಪಾಪುಗೆ ಬಾಟ್ಲಿ ಕೊಡಬೇಕಾಗಿ ಬಂದರೆ ಇವನೂ ಮತ್ತೆ ಕೇಳಲ್ವಾ? ಇಂಥದ್ದೇ ಪರಿಸ್ಥಿತಿ ಇದ್ದವರು ದಯವಿಟ್ಟು ಹೇಳಿ.

ನೌಬಾದ್ ಅಮ್ಮ, ಬೀದರ್
ಇವತ್ತೇ ಬಿಸಾಡಿ ಅಕ್ಕಾ. ನಾನು ಕಾದೆ, 61,400 ರೂಪಾಯಿ ತೆತ್ತೆ.

ಮಗಳು ಎರಡೂವರೆ ವರ್ಷದ ತನಕ ಬಾಟ್ಲಿ ಕಚ್ಚಿಕೊಂಡೇ ನಿದ್ದೆ ಮಾಡುತ್ತಿದ್ದಳು. ಒಂದು ದಿನ ಮೇಲಿನ ಮುಂದಿನ ಹಲ್ಲಿನ ಬುಡದಲ್ಲಿ ಸುಣ್ಣ ಎಳೆದಂಥ ಬಿಳಿ ಗೆರೆ ಕಂಡಿತು. ಹಾಲಿನ ಕೆನೆ ಅಂದುಕೊಂಡು ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. ಮೂರು ತಿಂಗಳಲ್ಲಿ ಅದು ಬೆಲ್ಲದ ಬಣ್ಣಕ್ಕೆ ತಿರುಗಿತು. ಆಮೇಲೆ ಒಂದು ದಿನ ರೊಟ್ಟಿ ಕಚ್ಚುವಾಗ ಹಲ್ಲಿನ ಚೂರೇ ತಟ್ಟೆಗೆ ಬಿತ್ತು.

ನಿದ್ದೆಯಲ್ಲಿ ಜೊಲ್ಲು ಕಮ್ಮಿ, ಹಾಲು ಹಲ್ಲಿನ ಸುತ್ತ ಹಾಗೇ ನಿಲ್ಲುತ್ತದೆ ಅಂದರು ಹಲ್ಲಿನ ಡಾಕ್ಟರ್. ಕೆಳಗಿನ ಹಲ್ಲನ್ನು ನಾಲಿಗೆ ಮುಚ್ಚಿರುತ್ತದಂತೆ, ಅದಕ್ಕೇ ಅವು ನಾಲ್ಕೂ ಮುತ್ತಿನಂತೆ ಉಳಿದಿದ್ದವು. ಮೇಲಿನ ನಾಲ್ಕೂ ಹೋಗಿದ್ದವು. ಕೂಸು ಕುರ್ಚಿಯಲ್ಲಿ ಕೂರಲಿಲ್ಲ, ಹೈದರಾಬಾದಿಗೆ ಒಯ್ದು ಅರಿವಳಿಕೆ ಕೊಡಿಸಿ ಮಾಡಿಸಬೇಕಾಯಿತು. ನಾಲ್ಕು ಬಿಳಿ ಕ್ಯಾಪ್, ಒಂದಕ್ಕೆ 5,500ರಂತೆ 22,000. ಎರಡು ಹಲ್ಲಿಗೆ ನರದ ಚಿಕಿತ್ಸೆ 7,000. ಅರಿವಳಿಕೆ, ಆಸ್ಪತ್ರೆ ಸೇರಿ 24,000. ರಕ್ತ ಪರೀಕ್ಷೆ ಎಲ್ಲಾ 2,300. ಮೂರು ಸಲ ಹೋಗಿಬಂದ ಬಸ್ಸು, ಆಟೋ, ಲಾಡ್ಜ್ 6,100. ನಮ್ಮೆಜಮಾನರು ನಾಲ್ಕು ದಿನ ಅಂಗಡಿ ಮುಚ್ಚಿದ್ದು ಇದರಲ್ಲಿ ಸೇರಿಲ್ಲ.

ಹಾಲು ಹಲ್ಲು ಹೇಗೂ ಬೀಳುತ್ತವೆ ಅಂತ ಯಾರೂ ಹೇಳಬೇಡಿ. ಮುಂದಿನ ಹಲ್ಲು ಬೀಳಲು ಕೂಸಿಗೆ ಆರೇಳು ವರ್ಷ ಆಗಬೇಕು. ಹಾಂ, ಹಾಲಿಗೆ ಒಂದು ಚಮಚ ಸಕ್ಕರೆ ಹಾಕುತ್ತಿದ್ದೆ. ಒಪ್ಪಿಕೊಳ್ಳುತ್ತೇನೆ.

ಜೇವರ್ಗಿ ಕಾಲೋನಿ, ಕಲಬುರಗಿ
ನಮ್ಮ ಮಕ್ಕಳ ಡಾಕ್ಟರ್ 12ರಿಂದ 18 ತಿಂಗಳೊಳಗೆ ಬಿಡಿಸಿ ಅಂದರು. ನಾನು 14ಕ್ಕೇ ಮುಗಿಸಿದೆ. ಒಂದೇ ರಾತ್ರಿ. ಐದು ಬಾಟ್ಲಿ, ಒಂಬತ್ತು ನಿಪ್ಪಲ್ ಕವರಿಗೆ ಕಟ್ಟಿ ಕಸದ ಗಾಡಿಗೆ ಹಾಕಿದೆ. ಎರಡು ಗಂಟೆ ನಲವತ್ತು ನಿಮಿಷ ಅತ್ತ. ಪಕ್ಕದ ಮನೆಯವರು ಬಾಗಿಲು ಬಡಿದರು. ನಾನು ಕರಗಲಿಲ್ಲ. ಮೂರನೇ ರಾತ್ರಿಗೆ ತಾನೇ ಮಲಗಿದ. ಇಷ್ಟೇ ಕೆಲಸ. ಸಕ್ಕರೆ ಹಾಕಿ ಎರಡೂವರೆ ವರ್ಷ ಕುಡಿಸಿ ಆಮೇಲೆ ಹೈದರಾಬಾದ್ ಲೆಕ್ಕ ಹೇಳಿದರೆ ಹೇಗ್ರೀ?

ನೌಬಾದ್ ಅಮ್ಮ, ಬೀದರ್
ತಪ್ಪು ಒಪ್ಪಿಕೊಂಡು ಬರೆದವರಿಗೇ ಕಲ್ಲು ಹೊಡೀರಿ. ಆ ಮೂರನೇ ರಾತ್ರಿ ಆದಮೇಲೆ ನಿಮ್ಮ ಹುಡುಗ ಹಾಲು ಕುಡಿದನಾ?

ಜೇವರ್ಗಿ ಕಾಲೋನಿ, ಕಲಬುರಗಿ
19 ದಿನ ಮುಟ್ಟಲಿಲ್ಲ. ಅದಕ್ಕೇನೀಗ? ಮೊಸರನ್ನ ತಿಂದ, ಶ್ಯಾವಿಗೆ ಪಾಯಸ ತಿಂದ. ಸತ್ತೇನೂ ಹೋಗಲಿಲ್ಲ.

ಸುರಪುರದ ಆಯಿ
ಇಷ್ಟು ದೊಡ್ಡ ವಿಷಯ ಯಾಕೆ ಮಾಡ್ತೀರವ್ವಾ. ಬೇವಿನೆಲೆ ಅರೆದು ನಿಪ್ಪಲ್‌ಗೆ ಹಚ್ಚಿ. ಮೊಮ್ಮಗ ಒಂದು ಸಲ ಬಾಯಿಗೆ ಹಾಕಿದ, ಮುಖ ಕಿವುಚಿದ, ಬಾಟ್ಲಿ ನೋಡಿ "ಥೂ" ಅಂದ. ಮುಗೀತು. ನನ್ನ ಮೂರು ಮಕ್ಕಳಿಗೂ ಬಾಟ್ಲಿ ತೋರಿಸಿಲ್ಲ. ಒಳಲೆಯಲ್ಲಿ ಹಾಕುತ್ತಿದ್ದೆ. ಮುಂದೆ ಬಟ್ಟಲು. ಈಗಿನವರಿಗೆ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಹತ್ತು ನಿಮಿಷ ಕೂರಲು ಪುರುಸೊತ್ತಿಲ್ಲ.

ಸೇಡಂ ರಸ್ತೆ ಅಪ್ಪ
ಆಯಿ, ನಮ್ಮ ಮನೆಯಲ್ಲೂ ಬೇವು ಹಚ್ಚಿದ್ದರು. ಮಗಳು ಬಾಟ್ಲಿ ಬಿಡಲಿಲ್ಲ, ಕೊಟ್ಟ ಅಜ್ಜಿಯ ಹತ್ತಿರ ಹೋಗುವುದನ್ನೇ ಬಿಟ್ಟಳು. ಎರಡು ವಾರ.

ನಾನು ನೀರಿನ ಲೆಕ್ಕ ಹಿಡಿದೆ. ಅವಳದು ರಾತ್ರಿ 180 ಮಿಲಿ. ಮೂರು ರಾತ್ರಿಗೊಮ್ಮೆ 30 ಮಿಲಿ ಹಾಲು ಇಳಿಸಿ ಅಷ್ಟೇ ನೀರು ಏರಿಸುವುದು. ಮೊದಲು 150 ಹಾಲು 30 ನೀರು, ಆಮೇಲೆ 120ಕ್ಕೆ 60, ಹೀಗೆ. 16ನೇ ರಾತ್ರಿಯಿಂದ ಬರೀ ನೀರು. ನೋಟ್‌ಬುಕ್‌ನಲ್ಲಿ ಗೆರೆ ಹಾಕಿ ಬರೆದಿಟ್ಟಿದ್ದೆ. ಹತ್ತನೇ ರಾತ್ರಿ ಶರಣಬಸವೇಶ್ವರ ಜಾತ್ರೆಗೆ ಅಂತ ಬಂದ ನೆಂಟರು ಮನೆ ತುಂಬ. ಕೂಸು ಅತ್ತಿತು ಅಂತ ನನ್ನ ತಂಗಿ ಎದ್ದು ಹೋಗಿ ಪೂರ್ತಿ ಗಟ್ಟಿ ಹಾಲು ಕೊಟ್ಟುಬಿಟ್ಟಳು, ಮೇಲೆ ಬಾದಾಮಿ ಪುಡಿ ಬೇರೆ. ಮಾರನೇ ರಾತ್ರಿ ತೆಳ್ಳಗಿನದು ಕೊಟ್ಟರೆ ಬಾಟ್ಲಿ ಎತ್ತಿ ಫ್ಯಾನಿಗೆ ಎಸೆದಳು. ಮತ್ತೆ ಒಂದರಿಂದ. ಎಲ್ಲಾ ಸೇರಿ 27 ರಾತ್ರಿ. ಬರೀ ನೀರಿಗೆ ಎದ್ದು ಕೂರುವುದು ದಂಡ ಅಂತ ಅವಳಿಗೇ ಅನ್ನಿಸಿತು, ನಿದ್ದೆ ಮುರಿಯುವುದು ನಿಂತಿತು.

ಗಂಜ್ ದಾಲ್ ಮಿಲ್
ಸರ್ರ, ನಮ್ಮ ಕಡೆ ಗೌಳಿಗ ಮೊದಲೇ 90ಕ್ಕೆ 90 ಹಾಕಿ ತರುತ್ತಾನೆ. ನಮ್ಮ ಮಕ್ಕಳೆಲ್ಲಾ ತಾವಾಗಿಯೇ ಬಾಟ್ಲಿ ಬಿಡಬೇಕಿತ್ತು!

ತಮಾಷೆ ಸಾಕು. ಯಾರೂ ರಕ್ತದ ಮಾತು ಎತ್ತಲಿಲ್ಲ. ನನ್ನ ಮಗಳು ದಿನಕ್ಕೆ ಆರು ಬಾಟ್ಲಿ, ಹತ್ತಿರ ಹತ್ತಿರ 1,200 ಮಿಲಿ ಎಮ್ಮೆ ಹಾಲು ಕುಡಿಯುತ್ತಿದ್ದಳು. ಗುಂಡಗೆ, ಬೆಳ್ಳಗೆ ಇದ್ದಳು. ಬಂದವರೆಲ್ಲಾ "ಬೆಣ್ಣೆ ಮುದ್ದೆ" ಅನ್ನುತ್ತಿದ್ದರು. ಊಟ ಮುಟ್ಟುತ್ತಿರಲಿಲ್ಲ. ಒಂದು ದಿನ ದೇವರ ಕೋಣೆ ಹಿಂದೆ ಕೂತು ಗೋಡೆಯ ಸುಣ್ಣ ಉಗುರಲ್ಲಿ ಕೆರೆದು ತಿನ್ನುತ್ತಿದ್ದಳು. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7.8. ಆ ಬಿಳುಪು ರಕ್ತ ಇಲ್ಲದ ಬಿಳುಪು. ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಜಾಸ್ತಿ ಕುಡಿದರೆ ಊಟದ ಕಬ್ಬಿಣವನ್ನೂ ಮೈಗೆ ಹತ್ತಗೊಡುವುದಿಲ್ಲ ಅಂದರು. ಹಾಲು 400ಕ್ಕೆ ಇಳಿಸಿ, ನಾಲ್ಕು ತಿಂಗಳು ಕಬ್ಬಿಣದ ಸಿರಪ್. ಕಪ್ಪು ಮಲ, ಅಂಗಿ ತುಂಬ ಕಲೆ. ಮನೆ ತುಂಬ ತೊಗರಿ ಬೇಳೆ ಇಟ್ಟುಕೊಂಡು ಮಗಳಿಗೆ ಹೀಗಾಯಿತಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಸುರಪುರದ ಆಯಿ
ಎಮ್ಮೆ ಹಾಲು ಕುಡಿದು ರಕ್ತ ಕಮ್ಮಿ ಆಯಿತು ಅಂತ ಇದೇ ಮೊದಲು ಕೇಳಿದ್ದು. ಪಾಕೀಟು ಹಾಲಿಂದ ಆಗಿರಬೇಕು.

ಗಂಜ್ ದಾಲ್ ಮಿಲ್
ಆಯಿ, ಪಾಕೀಟು ಅಲ್ಲ. ಕಣ್ಣೆದುರೇ ಕರೆದ ಹಾಲು.

ಸುರಪುರದ ಆಯಿ
ಕಣ್ಣೆದುರು ಕರೆದ ಹಾಲಾದರೆ 90ಕ್ಕೆ 90 ಹೇಗೆ ಬಂತಪ್ಪಾ?

ಸಂತ್ರಾಸವಾಡಿ ಮಮ್ಮಿ, ಕಲಬುರಗಿ
ನನಗೆ ಒಂದು ಸ್ಟ್ರಾ ಇರುವ ಕಪ್ ಬಹಳ ಉಪಯೋಗ ಆಯಿತು. ಮುಚ್ಚಳದಲ್ಲಿ ರಬ್ಬರ್ ತಡೆ ಇರುವ ಸಿಪ್ಪರ್ ಮಾತ್ರ ತರಬೇಡಿ. ಅದನ್ನು ಚೀಪಬೇಕು, ಅದೂ ಇನ್ನೊಂದು ಬಾಟ್ಲಿಯೇ. 649 ಕೊಟ್ಟು ತಂದೆ, ಕೊನೆಗೆ ಅದನ್ನು ಬಿಡಿಸಲು ಆರು ತಿಂಗಳು. ಯಾವ ಬ್ರ್ಯಾಂಡ್ ಬಾಟ್ಲಿ, ಯಾವ ಕಪ್ ಅಂತ ಬೇಕಿದ್ದರೆ ಕೇಳಿ.

ಜೇವರ್ಗಿ ಕಾಲೋನಿ, ಕಲಬುರಗಿ
ದಯವಿಟ್ಟು ಬ್ರ್ಯಾಂಡ್ ಬೇಡ. 1992ರ ಕಾಯ್ದೆ ಪ್ರಕಾರ ಹಾಲಿನ ಬಾಟ್ಲಿಗೆ ಜಾಹೀರಾತು ಕೊಡುವಂತೆಯೇ ಇಲ್ಲ.

ಸಂತ್ರಾಸವಾಡಿ ಮಮ್ಮಿ, ಕಲಬುರಗಿ
ನಾನೇನು ಕಂಪನಿ ಏಜೆಂಟಾ? ಒಬ್ಬ ತಾಯಿ ಇನ್ನೊಬ್ಬಳಿಗೆ ಹೇಳುವುದಕ್ಕೂ ಕಾಯ್ದೆಯಾ? 14 ತಿಂಗಳಿಗೆ ಬಿಡಿಸಿದವರು ಐದು ಬಾಟ್ಲಿ ಯಾಕೆ ಇಟ್ಟುಕೊಂಡಿದ್ದಿರಿ, ಅದನ್ನು ಹೇಳಿ ಮೊದಲು.

ಜೇವರ್ಗಿ ಕಾಲೋನಿ, ಕಲಬುರಗಿ
ನೌಕರಿಗೆ ಹೋಗುವವಳು ನಾನು. ಬೆಳಿಗ್ಗೆ ಕುದಿಸಿಟ್ಟು ಹೋಗಬೇಕು. ಮನೆಯಲ್ಲಿ ಕೂತವರಿಗೆ ಅದು ಗೊತ್ತಾಗಲ್ಲ.

ನೌಬಾದ್ ಅಮ್ಮ, ಬೀದರ್
ಮನೆಯಲ್ಲಿ ಕೂತವರಂತೆ. ಬಂದು ಒಂದು ದಿನ ಕೂತು ನೋಡಿ.

ಸೇಡಂ ರಸ್ತೆ ಅಪ್ಪ
ನನ್ನ ನೋಟ್‌ಬುಕ್ ಪುಟದ ಫೋಟೋ ಯಾರಿಗಾದರೂ ಬೇಕಾ?

ಶಹಾಪುರ ಟೀಚರ್
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿಯಿಂದ ನೀರಿನ ಲೆಕ್ಕ ಶುರು ಮಾಡಿದೆ ಸರ್, ಫೋಟೋ ಕಳಿಸಿ. ಆದರೆ ನಾನು ಕೇಳಿದ್ದು ಹೆರಿಗೆ ಬಗ್ಗೆ. ಹದಿನಾರನೇ ರಾತ್ರಿ ಬರುವ ಹೊತ್ತಿಗೆ ನಾನು ಆಸ್ಪತ್ರೆಯಲ್ಲಿ ಇರಬಹುದು. ಆಗ ಎರಡೂವರೆಗೆ ಎದ್ದರೆ ಅವನ ಹತ್ತಿರ ಯಾರು ಕೂರಬೇಕು?

ಸುರಪುರದ ಆಯಿ
ಮೊದಲನೆಯದು ನಾರ್ಮಲ್ಲಾ, ಸಿಸೇರಿಯನ್ನಾ ಯವ್ವಾ?

ಜೇವರ್ಗಿ ಕಾಲೋನಿ, ಕಲಬುರಗಿ
ಅಯ್ಯೋ ಸಿಸೇರಿಯನ್ ಮಾತು ತೆಗೀಬೇಡಿ. ನನ್ನದು ಕೇಳಿ, ಆವತ್ತು ಆಸ್ಪತ್ರೆಯಲ್ಲಿ ಕರೆಂಟ್ ಇರಲಿಲ್ಲ...