ಬಳಗದ ಗುಂಪಿನಲ್ಲಿ 117-ಎ

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ 43 ಜನರಿದ್ದೇವೆ. ಅಡ್ಮಿನ್ ನಾನು, ಅಂದರೆ ಜಗಳವಾದಾಗ ಎರಡೂ ಕಡೆಯವರ ಬೈಗುಳಕ್ಕೆ ಸಿಗುವವಳು. ಕಳೆದ ಭಾನುವಾರ ರಾತ್ರಿ ನಡೆದದ್ದನ್ನು ಎಲ್ಲರ ಒಪ್ಪಿಗೆ ಕೇಳಿ ಇಲ್ಲಿ ಹಾಕುತ್ತಿದ್ದೇನೆ. ಒಪ್ಪಿಗೆಯ ಬಗ್ಗೆಯೇ ಎರಡು ಗಂಟೆ ಕಿತ್ತಾಡಿದ ಮೇಲೆ ಕೇಳದೆ ಹಾಕಲಾದೀತೆ? ಹೆಸರುಗಳು ನನ್ನ ಫೋನಿನಲ್ಲಿ ಇರುವಂತೆ ಇವೆ. ನಡುನಡುವೆ ಬಂದ ಶುಭರಾತ್ರಿಯ ಚಿತ್ರಗಳನ್ನು, ಹಲಸಿನ ಹಪ್ಪಳದ ಲೆಕ್ಕವನ್ನು ತೆಗೆದಿದ್ದೇನೆ. ಆಡುಮಾತನ್ನು ತಿದ್ದಿದ್ದೇನೆ, ಟೀಚರ್ ಕೆಲಸದ ಚಾಳಿ.

ಅರಸೀಕೆರೆ ಚಿಕ್ಕಪ್ಪ, 8:41: (ಹಲವು ಬಾರಿ ಫಾರ್ವರ್ಡ್ ಆದದ್ದು) ಅಮೆರಿಕದ ಸೈನಿಕರೇ ಎಚ್ಚರ! ಹೆಂಡತಿಯ ಫೋಟೋ ಗೆಳೆಯನಿಗೆ ಕಳುಹಿಸಿದರೂ ಕೋರ್ಟ್ ಮಾರ್ಷಲ್! 117-ಎ ಎಂಬ ಕಾನೂನು! ಗಂಡಸರಿಗೆ ಇನ್ನು ಉಳಿಗಾಲವಿಲ್ಲ!

ಕೆಳಗೆ ನಗುವ ಮುಖಗಳು ಆರು.

ಡಲ್ಲಾಸ್ ಪ್ರದೀಪ: ಇವರು ಯುದ್ಧ ಮಾಡುವುದು ಯಾವಾಗಲೋ!

ಅನು: ದೊಡ್ಡಪ್ಪ, ಆ ಕಾನೂನು ನನ್ನ ಮೇಲೂ ಇದೆ, ನನಗಾಗಿಯೂ ಇದೆ.

ಅನು ನನ್ನ ಕೊನೆಯ ಚಿಕ್ಕಪ್ಪನ ಮಗಳು. ಮೈಸೂರಿನಲ್ಲಿ ಹತ್ತನೆಯ ತರಗತಿ ಮುಗಿಸಿ ಹೋದವಳು, ಈಗ ಸ್ಯಾನ್ ಡಿಯಾಗೊದಲ್ಲಿ ಅಮೆರಿಕದ ನೌಕಾಪಡೆಯ ವೈದ್ಯಕೀಯ ವಿಭಾಗದಲ್ಲಿದ್ದಾಳೆ. ಗುಂಪಿನಲ್ಲಿ ಹುಟ್ಟುಹಬ್ಬಕ್ಕೆ ಮಾತ್ರ ಬಾಯಿ ಬಿಡುವ ಹುಡುಗಿ.

ಅನು: 117-ಎ ಎಂದರೆ ಅಮೆರಿಕದ ಸೇನಾ ಕಾನೂನಿನ ಒಂದು ವಿಧಿ. ಸೇರಿದ ಹೊಸದರಲ್ಲಿ ನಮ್ಮನ್ನು ಕೂರಿಸಿಕೊಂಡು ಓದಿ ವಿವರಿಸಿದ್ದರು. ದೊಡ್ಡಮ್ಮ ಸೀರೆ ಉಟ್ಟ ಫೋಟೋವನ್ನು ನೀವು ಯಾರಿಗೆ ಕಳುಹಿಸಿದರೂ ಆ ವಿಧಿ ತಟ್ಟುವುದಿಲ್ಲ. ಅದು ಬಟ್ಟೆಯಿಲ್ಲದ ಅಥವಾ ಹಾಸಿಗೆಯ ಚಿತ್ರಕ್ಕೆ. ಅದರಲ್ಲಿ ಇರುವವರು ಯಾರೆಂದು ಗುರುತು ಸಿಗಬೇಕು. ಮುಖವೇ ಕಾಣಬೇಕೆಂದಿಲ್ಲ, ಜೊತೆಯಲ್ಲಿ ಬರೆದ ಹೆಸರಿನಿಂದ ಗೊತ್ತಾದರೂ ಆಯಿತು. ಹಂಚಲು ಅವರು ಸ್ಪಷ್ಟವಾಗಿ ಒಪ್ಪಿರಬಾರದು. ಇದು ಖಾಸಗಿ, ಹಂಚಿದರೆ ಅವರಿಗೆ ಕೇಡಾಗುತ್ತದೆ ಎಂದು ಹಂಚಿದವನಿಗೆ ಗೊತ್ತಿರಬೇಕು, ಇಲ್ಲವೇ ಗೊತ್ತಿರಬೇಕಾಗಿತ್ತು ಎನ್ನುವಂತಿರಬೇಕು. ಕೊನೆಯದಾಗಿ ಸೇನೆಯ ಕೆಲಸಕ್ಕೋ ವಾತಾವರಣಕ್ಕೋ ಆ ಕೃತ್ಯದ ನೇರ ಸಂಬಂಧ ಇರಬೇಕು. ಇಷ್ಟೂ ಕೂಡಿದರೆ ಮಾತ್ರ ಅಪರಾಧ.

ಅರಸೀಕೆರೆ ಚಿಕ್ಕಪ್ಪ: ಸರಿ ಮಗಳೇ. ಆದರೆ ಅಂಥ ಚಿತ್ರವನ್ನು ಮೊದಲು ಕಳುಹಿಸಿದವಳು ಯಾರು? ಅವಳೇ ತಾನೇ? ಕೊಟ್ಟ ಮೇಲೆ ಮುಗಿಯಿತು.

ಚಿಕ್ಕಮ್ಮ: ನಿಮ್ಮ ತಂಗಿಗೆ ಮದುವೆಮನೆಯಲ್ಲಿ ಹಾಕಿಕೊಳ್ಳಲು ನನ್ನ ಕಾಸಿನ ಸರ ಕೊಟ್ಟಿದ್ದೆ. ಅವಳು ಅದನ್ನು ಗಿರವಿ ಇಟ್ಟಿದ್ದರೆ ‘ಕೊಟ್ಟವಳು ನೀನೇ ತಾನೇ’ ಎಂದು ಸುಮ್ಮನಿರುತ್ತಿದ್ದಿರಾ?

ಸುಬೇದಾರ್ ಮಾವ: ಸರ ಹಿಂತಿರುಗಿಸಿ ಆಗಿದೆ ಎಂಬುದು ದಾಖಲಾಗಲಿ.

ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರೂ ಒಂದೇ ಮನೆಯಲ್ಲಿ, ಒಬ್ಬರು ಜಗಲಿಯಲ್ಲಿ ಒಬ್ಬರು ಅಡುಗೆಮನೆಯಲ್ಲಿ ಕುಳಿತು ಗುಂಪಿನಲ್ಲಿ ಜಗಳವಾಡುತ್ತಾರೆ. ನಮಗೆಲ್ಲ ಇದು ರೂಢಿಯಾಗಿದೆ. ಸುಬೇದಾರ್ ಮಾವ ಮದ್ರಾಸ್ ಸ್ಯಾಪರ್ಸ್‌ನಲ್ಲಿ 28 ವರ್ಷ ಇದ್ದವರು. ಹಾಸ್ಯ ಮುಗಿದ ಮೇಲೆ ಅವರು ನಿಜವಾದ ತಕರಾರು ತೆಗೆದರು.

ಸುಬೇದಾರ್ ಮಾವ: ಹುಡುಗಿಯ ಮಾನದ ವಿಷಯದಲ್ಲಿ ನಾನು ಅನುವಿನ ಕಡೆಗೇ. ಆದರೆ ಪಲ್ಟನ್‌ನಲ್ಲಿ ಇಂಥದಕ್ಕೆಲ್ಲ ಪ್ರತ್ಯೇಕ ಕಾನೂನು ಏಕೆ? ನಮ್ಮ ಆರ್ಮಿ ಆ್ಯಕ್ಟ್‌ನ 63ನೇ ಸೆಕ್ಷನ್ ಇದೆ: ಶಿಸ್ತಿಗೆ ಭಂಗ ತಂದರೆ ಏಳು ವರ್ಷದವರೆಗೂ ಒಳಗೆ ಹಾಕಬಹುದು. ಅದರಲ್ಲಿ ಏನು ಬೇಕಾದರೂ ಹಿಡಿಯುತ್ತದೆ. 2020ರಲ್ಲಿ ಫೇಸ್‌ಬುಕ್ ಸೇರಿ 89 ಆ್ಯಪ್‌ಗಳನ್ನು ಅಳಿಸಿ ಎಂದು ಸೇನೆ ಹೇಳಿತು, ಹುಡುಗರು ಅಳಿಸಿದರು. ಕಮಾಂಡಿಂಗ್ ಆಫೀಸರ್‌ಗೆ ಬೆನ್ನುಮೂಳೆ ಇದ್ದರೆ ಒಂದು ಸೆಕ್ಷನ್ ಸಾಕು. ಇಲ್ಲದಿದ್ದರೆ ನೂರು ಬರೆದರೂ ಕಾಗದ.

ಅನು: ಮಾವ, ಅಲ್ಲಿಯೂ ಅಂಥದೊಂದು ಇತ್ತು, 134ನೇ ವಿಧಿ. ಹಾಗಿದ್ದೂ 2017ರಲ್ಲಿ ಏನಾಯಿತು ಗೊತ್ತೇ? ಅಮೆರಿಕದ ಮರೀನ್ ಕೋರ್ ಎಂಬ ಸೇನಾದಳದವರ, ಅಂದರೆ ಮರೀನರ, ‘ಮರೀನ್ಸ್ ಯುನೈಟೆಡ್’ ಎಂಬ ಫೇಸ್‌ಬುಕ್ ಗುಂಪು. ಸುಮಾರು 30 ಸಾವಿರ ಜನ, ಸೇವೆಯಲ್ಲಿ ಇರುವವರು, ನಿವೃತ್ತರು ಎಲ್ಲ ಸೇರಿ. ಜೊತೆಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳ ಬೆತ್ತಲೆ ಚಿತ್ರಗಳು ಅಲ್ಲಿ ಹರಿದಾಡುತ್ತಿದ್ದವು. ಚಿತ್ರದ ಜೊತೆಗೆ ಪೂರ್ತಿ ಹೆಸರು, ಹುದ್ದೆ, ಯಾವ ಊರಿನ ನೆಲೆಯಲ್ಲಿ ಇದ್ದಾಳೆ ಎಂಬುದೂ. ಇದನ್ನು ಮಾರ್ಚ್‌ನಲ್ಲಿ ಬಯಲಿಗೆ ಎಳೆದವರು ಥಾಮಸ್ ಬ್ರೆನನ್ ಎಂಬ ಪತ್ರಕರ್ತ, ಅವರೂ ಮಾಜಿ ಮರೀನ್.

ವಕೀಲ ಭಾವ: ಆಗ 120-ಸಿ ವಿಧಿ ಇತ್ತಲ್ಲ? ಕದ್ದು ಚಿತ್ರೀಕರಿಸಿ ಹಂಚಿದರೆ ಅಪರಾಧ.

ಅನು: ಕದ್ದು ತೆಗೆದದ್ದಕ್ಕೆ ಮಾತ್ರ, ಭಾವ. ತಾನಾಗಿ ನಂಬಿ ಒಬ್ಬನಿಗೆ ಕೊಟ್ಟದ್ದನ್ನು ಅವನು ಊರಿಗೆಲ್ಲ ಹಂಚಿದರೆ ಅದು ಆ ಬಲೆಯಲ್ಲಿ ಬೀಳುತ್ತಿರಲಿಲ್ಲ. ದೊಡ್ಡಪ್ಪ ಈಗ ಹೇಳಿದ ಮಾತೇ ಅಲ್ಲಿ ಕಾನೂನಿನ ತೂತಾಗಿತ್ತು. ಏಪ್ರಿಲ್‌ನಲ್ಲಿ ನೌಕಾಪಡೆ ಅವಸರದಲ್ಲಿ ತನ್ನ ನಿಯಮಾವಳಿಗೆ ಒಂದು ನಿಯಮ ಸೇರಿಸಿತು. ಮೇ ತಿಂಗಳಲ್ಲಿ ಕೆಳಮನೆಯಲ್ಲಿ ಮಸೂದೆ 418-0 ಮತದಿಂದ ಗೆದ್ದಿತು. ಆ ಡಿಸೆಂಬರ್‌ನಲ್ಲಿ 117-ಎ ಬಂತು.

418-0. ರಿಪಬ್ಲಿಕನ್ನರೂ ಡೆಮಾಕ್ರಟರೂ ಮತ್ತೆ ಯಾವಾಗ ಹೀಗೆ ಒಂದಾಗಿದ್ದರೋ! ನಮ್ಮ ಗುಂಪಿನಲ್ಲಿ ಪ್ರವಾಸಕ್ಕೆ ಜಾಗ ಆರಿಸಲೂ ಅಂಥ ಒಮ್ಮತ ಬಂದದ್ದಿಲ್ಲ.

ಸುಬೇದಾರ್ ಮಾವ: ಆ 30 ಸಾವಿರದಲ್ಲಿ ಎಷ್ಟು ಜನರಿಗೆ ಶಿಕ್ಷೆಯಾಯಿತು?

ಅನು: ಆ ವರ್ಷದ ಜುಲೈನಲ್ಲಿ ಒಬ್ಬ ಮರೀನ್‌ಗೆ ಆದದ್ದು ಸುದ್ದಿಯಾಯಿತು. ಹತ್ತು ದಿನ ಬಂಧನ, ಮೂರು ಹುದ್ದೆ ಕೆಳಕ್ಕೆ, ಒಂದು ತಿಂಗಳ ಸಂಬಳದಲ್ಲಿ ಮೂರರಲ್ಲಿ ಎರಡು ಭಾಗ ಕಡಿತ. ಹೊಸ ವಿಧಿ ಆಗ ಇನ್ನೂ ಬಂದಿರಲಿಲ್ಲ.

ಸುಬೇದಾರ್ ಮಾವ: ಹತ್ತು ದಿನ! ನಮ್ಮಲ್ಲಿ ರಜೆ ಮುಗಿಸಿ ತಡವಾಗಿ ಬಂದವನೂ ಇದಕ್ಕಿಂತ ಹೆಚ್ಚು ಅನುಭವಿಸುತ್ತಿದ್ದ.

ವಕೀಲ ಭಾವನಿಗೆ ತುಮಕೂರಿನ ಕೋರ್ಟಿನಲ್ಲಿ ಮುಗಿಯದ ವಾದವೆಲ್ಲ ನಮ್ಮ ಗುಂಪಿನಲ್ಲಿ ಮುಂದುವರಿಯುತ್ತದೆ. ಹತ್ತು ನಿಮಿಷ ಕಾಣೆಯಾಗಿದ್ದವರು ಮರಳಿ ಬಂದದ್ದು ಹೀಗೆ.

ವಕೀಲ ಭಾವ: ಸುಬೇದಾರರಿಗೆ ಒಂದು ಅಸ್ತ್ರ ಕೊಡುತ್ತೇನೆ. ಅಲ್ಲಿಯ ಕೋಸ್ಟ್ ಗಾರ್ಡ್‌ನವನೊಬ್ಬ ಹೆಂಡತಿಯ ಖಾಸಗಿ ಚಿತ್ರಗಳನ್ನು ಫೇಸ್‌ಬುಕ್‌ಗೆ ಹಾಕಿದ. ಸರ್ಕಾರಿ ವಕೀಲರು 117-ಎ ಬಿಟ್ಟು 134ರ ಅಡಿಯಲ್ಲಿ ಆರೋಪ ಹೊರಿಸಿ ಗೆದ್ದರು. 2024ರಲ್ಲಿ ಸೇನಾ ಮೇಲ್ಮನವಿ ನ್ಯಾಯಾಲಯ ಆ ಶಿಕ್ಷಾತೀರ್ಪನ್ನು ಕಿತ್ತುಹಾಕಿತು. ಇದೇ ತಪ್ಪಿಗೆಂದು ಸಂಸತ್ತು ಷರತ್ತು ಹಾಕಿ ವಿಧಿ ಮಾಡಿರುವಾಗ, ಆ ಷರತ್ತನ್ನು ತಪ್ಪಿಸಿಕೊಂಡು ಸಾಮಾನ್ಯ ವಿಧಿಯ ಹಿಂಬಾಗಿಲಿನಿಂದ ಬರುವಂತಿಲ್ಲ ಎಂಬುದು ಅದರ ತಾತ್ಪರ್ಯ.

ಸುಬೇದಾರ್ ಮಾವ: ನೋಡಿದಿರಾ! ಹೊಸ ಸೆಕ್ಷನ್ ಇಲ್ಲದಿದ್ದರೆ ಅವನು ಒಳಗೇ ಇರುತ್ತಿದ್ದ.

ಇದಕ್ಕೆ ಅನು ಸ್ವಲ್ಪ ಹೊತ್ತು ಉತ್ತರಿಸಲಿಲ್ಲ. ಮಾವನ ಮಾತು ನನಗೂ ಚುಚ್ಚಿತು, ಏಕೆಂದರೆ ಅದು ಪೂರ್ತಿ ತಪ್ಪಲ್ಲ.

ಅನು: ಇರಬಹುದು, ಮಾವ. ಆದರೆ ಸಾಮಾನ್ಯ ವಿಧಿಯಲ್ಲಿ ಕೇಳುವುದು ಸೇನೆಯ ಶಿಸ್ತು ಕೆಟ್ಟಿತೇ, ಹೆಸರು ಕೆಟ್ಟಿತೇ ಎಂದು. 117-ಎ ಓದಿದಾಗ ಅದರಲ್ಲಿ ನನಗೆ ಕಂಡದ್ದು ‘ಅವಳು ಒಪ್ಪಿದ್ದಳೇ’ ಎಂಬ ಪ್ರಶ್ನೆ. ಸಮವಸ್ತ್ರದಲ್ಲಿ ಇರುವ ನನಗೆ ಆ ವ್ಯತ್ಯಾಸ ದೊಡ್ಡದು.

ವಕೀಲ ಭಾವ: ನಮ್ಮಲ್ಲಿ ಅದು ಎಲ್ಲರಿಗೂ ಅನ್ವಯಿಸುವ ಕಾನೂನಿನಲ್ಲೇ ಇದೆ. 2013ರ ತಿದ್ದುಪಡಿಯಲ್ಲಿ ಬಂದ ಹಳೆಯ ಭಾರತೀಯ ದಂಡ ಸಂಹಿತೆಯ 354-ಸಿ, ಈಗ ಭಾರತೀಯ ನ್ಯಾಯ ಸಂಹಿತೆಯ 77. ಚಿತ್ರ ತೆಗೆಯಲು ಹೆಂಗಸು ಒಪ್ಪಿದ್ದರೂ ಹಂಚಲು ಒಪ್ಪಿರದಿದ್ದರೆ ಹಂಚಿದವನು ಅಪರಾಧಿ ಎಂದು ಅದರ ವಿವರಣೆಯಲ್ಲೇ ಬರೆದಿದೆ. ಮೊದಲ ಸಲಕ್ಕೆ ಒಂದರಿಂದ ಮೂರು ವರ್ಷ. ಐಟಿ ಕಾಯ್ದೆಯ 66-ಇ ಕೂಡ ಇದೆ. ಸೈನಿಕನಾದರೆ ಆರ್ಮಿ ಆ್ಯಕ್ಟ್‌ನ 69ರ ಮೂಲಕ ಕೋರ್ಟ್ ಮಾರ್ಷಲ್‌ಗೂ ಒಯ್ಯಬಹುದು. ಚಿಕ್ಕಮ್ಮನ ಕಾಸಿನ ಸರವೇ ಆ ವಿವರಣೆ.

ಅರಸೀಕೆರೆ ಚಿಕ್ಕಪ್ಪ: ಅಬ್ಬಬ್ಬಾ, ತಮಾಷೆಗೆ ಒಂದು ಹಾಕಿದರೆ ನ್ಯಾಯಾಲಯವೇ ಎದ್ದು ಬಂತು. ಅಮೆರಿಕದವರ ಕೊಳಕು ನಮಗೆ ಏಕೆ? ನಮ್ಮ ಮನೆಗಳಲ್ಲಿ ಇಂಥದೆಲ್ಲ ಇಲ್ಲ.

ನಾನು ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಈ ಮಾತಿಗೆ ತಡೆಯಲಾಗಲಿಲ್ಲ. ಗುಂಪಿನ ಹಳೆಯ ಸಂದೇಶಗಳನ್ನು ಸರಿಸುತ್ತಾ 2024ರ ಏಪ್ರಿಲ್ ಕೊನೆಗೆ ಹೋದೆ. ಅಲ್ಲಿ ಚಿಕ್ಕಪ್ಪನ ಹೆಸರಿನ ಕೆಳಗೆ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಬೂದು ಸಾಲು ಇತ್ತು. ಅದರ ಸ್ಕ್ರೀನ್‌ಶಾಟ್ ತೆಗೆದು ಹಾಕಿದೆ.

ನಾನು: ಚಿಕ್ಕಪ್ಪ, ಇದು ನೆನಪಿದೆಯೇ?

ಹಾಸನದಲ್ಲಿ ಪೆನ್‌ಡ್ರೈವ್‌ಗಳು ಬೀದಿಗೆ ಬಿದ್ದ ದಿನಗಳು. ವಿಡಿಯೊಗಳಲ್ಲಿ ಇದ್ದ ಹೆಂಗಸರ ಮುಖಗಳನ್ನು ಯಾರೂ ಮಸುಕುಗೊಳಿಸಿರಲಿಲ್ಲ. ಹಂಚಿದರೆ ಕ್ರಮ ಎಂದು ವಿಶೇಷ ತನಿಖಾ ತಂಡ ಎಚ್ಚರಿಸಿತು. ಅಷ್ಟು ಹೊತ್ತಿಗೆ ಅವು ಎಷ್ಟೋ ಮನೆಗಳ ಊಟದ ಮೇಜಿನವರೆಗೂ ಬಂದಿದ್ದವು. ನಮ್ಮ ಗುಂಪಿಗೂ ಒಂದು ಬಂತು. ನಾನು ಫೋನ್ ಮಾಡಿ ಅಳಿಸಿ ಎಂದು ಬೇಡಿಕೊಂಡೆ. ಹದಿನಾಲ್ಕು ನಿಮಿಷ ಅದು ಅಲ್ಲಿತ್ತು.

ಅರಸೀಕೆರೆ ಚಿಕ್ಕಪ್ಪ: ಅದು ಬೇರೆ ವಿಷಯ. ಅದನ್ನು ತೆಗೆದವನು ನಾನಲ್ಲ. ನನಗೆ ಬಂದದ್ದನ್ನು ಕಳುಹಿಸಿದೆ, ಅಷ್ಟೇ.

ಅನು: ಆ 30 ಸಾವಿರದಲ್ಲಿ ಹೆಚ್ಚಿನವರೂ ಅದನ್ನೇ ಹೇಳಿರುತ್ತಾರೆ, ದೊಡ್ಡಪ್ಪ.

ಒಂದೆರಡು ನಿಮಿಷ ‘ಟೈಪ್ ಮಾಡುತ್ತಿದ್ದಾರೆ’ ಎಂದು ತೋರಿಸುತ್ತಿತ್ತು, ಏನೂ ಬರಲಿಲ್ಲ.

ಅನು: ಗುಂಪಿನಲ್ಲಿ ಅಳಿಸಿದರೂ ಕೆಲವರ ಫೋನಿಗೆ ಅದು ತಾನಾಗಿ ಇಳಿದಿರಬಹುದು. ದಯವಿಟ್ಟು ಎಲ್ಲರೂ ಒಮ್ಮೆ ನಿಮ್ಮ ಫೋಟೋಗಳಲ್ಲಿ ಆ ತಿಂಗಳಿನವನ್ನು ನೋಡಿ.

ಸುಬೇದಾರ್ ಮಾವ: ನೋಡಿದೆ. ಇಲ್ಲ.

ವಕೀಲ ಭಾವ: ಇಲ್ಲ.

ಡಲ್ಲಾಸ್ ಪ್ರದೀಪ: ಇತ್ತು. ಅಳಿಸಿದೆ. ಕ್ಷಮಿಸು ಅನು.

ಚಿಕ್ಕಮ್ಮ, 10:38: ನನ್ನ ಫೋನಿನಲ್ಲೂ ಇದೆ. ಪ್ರದೀಪ ಕೊಟ್ಟ ಹಳೆಯ ಐಫೋನ್. ಮೊಮ್ಮಗನ ನಾಮಕರಣದ ಫೋಟೋಗಳ ನಡುವೆ ಕುಳಿತಿದೆ. ಇಷ್ಟು ದಿನ ನನಗೆ ಗೊತ್ತೇ ಇರಲಿಲ್ಲ. ಅಳಿಸಿದರೆ ಇನ್ನೊಂದು ಕಡೆ 30 ದಿನ ಇಟ್ಟುಕೊಳ್ಳುತ್ತೇನೆ ಎನ್ನುತ್ತಿದೆ. ಅಲ್ಲಿಂದ ತೆಗೆಯುವುದು ಹೇಗೆ?

ಅನು ಹಂತಹಂತವಾಗಿ ಹೇಳಿಕೊಟ್ಟಳು.

ಚಿಕ್ಕಮ್ಮ, 10:46: ಹೋಯಿತು.

ಅದಾದ ಸ್ವಲ್ಪ ಹೊತ್ತಿಗೆ ಗುಂಪಿನ ಹೊರಗೆ ನನಗೊಬ್ಬಳಿಗೇ ಚಿಕ್ಕಪ್ಪನ ಸಂದೇಶ ಬಂತು. ಇದನ್ನು ಇಲ್ಲಿ ಹಾಕಲು ಅವರನ್ನು ಪ್ರತ್ಯೇಕವಾಗಿ ಕೇಳಿದೆ. ಒಂದು ದಿನ ಬಿಟ್ಟು ‘ಹಾಕು’ ಎಂದರು.

ಅರಸೀಕೆರೆ ಚಿಕ್ಕಪ್ಪ: ಅಂದು ಅದನ್ನು ನಮ್ಮ ವಾಕಿಂಗ್ ಗೆಳೆಯರ ಗುಂಪಿಗೂ ಹಾಕಿದ್ದೆ. ಅಲ್ಲಿ ಅಳಿಸು ಎಂದು ಯಾರೂ ಹೇಳಲಿಲ್ಲ.