ಸಹಾಯ ಬೇಕು: ಮೂರು ವಾರ ಬೀಗ ಹಾಕುವ ಮನೆಯಲ್ಲಿ ಪೈಪಿನ ನೀರು ಹೆಪ್ಪುಗಟ್ಟದಂತೆ ಏನು ಮಾಡಬೇಕು?

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದ ಸಪ್ತಾಪುರದವರು. ಮಗಳು, ಅಳಿಯ ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿದ್ದಾರೆ. ಜನವರಿಯಲ್ಲಿ ಮಗನ ಮದುವೆಗೆ ಬರುತ್ತಾರೆ. ಅಲ್ಲಿ ಆಗ ಮೈನಸ್ 20 ಡಿಗ್ರಿಗಿಂತ ಕೆಳಗೆ ಇಳಿಯುವುದೂ ಉಂಟು.

ಹೋದ ವರ್ಷ ಒಂದು ಬೆಳಿಗ್ಗೆ ಅಡುಗೆಮನೆಯ ನಳ ಬರಲೇ ಇಲ್ಲ. ಹೊರಗೋಡೆಗೆ ತಾಗಿದ ಪೈಪು ಹೆಪ್ಪುಗಟ್ಟಿತ್ತು. ವಿಡಿಯೋ ಕಾಲ್‌ನಲ್ಲಿ ನಾನೇ ನೋಡಿದೆ. ಮಗಳು ಸಿಂಕಿನ ಕೆಳಗೆ ಕೂತು, ನಳ ತೆರೆದಿಟ್ಟು, ಹೇರ್ ಡ್ರೈಯರ್ ಹಿಡಿದು ನಳದ ಕಡೆಯಿಂದ ಹಿಂದಕ್ಕೆ ಸ್ವಲ್ಪ ಸ್ವಲ್ಪವೇ ಬಿಸಿ ಮಾಡುತ್ತಿದ್ದಳು. ಮುಕ್ಕಾಲು ಗಂಟೆ ಆದಮೇಲೆ ಗುಳುಗುಳು ಅಂತ ನೀರು ಬಂತು. ಪೈಪು ಒಡೆಯಲಿಲ್ಲ, ಪುಣ್ಯ. ನೀರು ಮಂಜುಗಡ್ಡೆಯಾದರೆ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ ಅಲ್ವಾ, ಆ ಒತ್ತಡಕ್ಕೆ ತಾಮ್ರದ ಪೈಪೂ ಸೀಳುತ್ತದೆ.

ಮನೆಯಲ್ಲಿ ಇದ್ದಾಗ ಚಳಿ ಜಾಸ್ತಿಯಾದ ರಾತ್ರಿ ಸಿಂಕಿನ ಕೆಳಗಿನ ಬಾಗಿಲು ತೆರೆದಿಟ್ಟು, ನಳದಿಂದ ಸಣ್ಣಗೆ ನೀರು ತೊಟ್ಟಿಕ್ಕಲು ಬಿಡುತ್ತಾರೆ. ನೀರು ಬಂದ ದಿನ ಕೊಡ, ಬಕೆಟ್ ಎಲ್ಲ ತುಂಬಿಡುವ ನನಗೆ ಅದನ್ನು ನೋಡಲು ಕಷ್ಟ. ಆದರೆ ಅಲ್ಲಿ ಅದೇ ಸರಿ.

ಬೀಗ ಹಾಕಿ ಬಂದರೆ? ಹೀಟಿಂಗ್ 13 ಡಿಗ್ರಿಗೆ ಇಟ್ಟರೆ ಸಾಕು ಅನ್ನುತ್ತಾರೆ ಅಳಿಯ. ನಡುವೆ ಕರೆಂಟ್ ಹೋದರೆ ಏನು ಗತಿ? ಮೇನ್ ವಾಲ್ವ್ ಬಂದ್ ಮಾಡಿ, ಎಲ್ಲ ನಳ ತೆರೆದು ಪೈಪು ಖಾಲಿ ಮಾಡಿ ಬರುವುದು ಒಳ್ಳೆಯದೇ? ಆಗ ವಾಟರ್ ಹೀಟರ್ ಆರಿಸಬೇಕೇ? ಪೈಪಿಗೆ ಫೋಮ್ ಸುತ್ತಿದರೆ ಸಾಕೋ, ಕರೆಂಟಿನ ಹೀಟ್ ಟೇಪೂ ಬೇಕೋ?

ಅಂಥ ಚಳಿಯ ಊರಲ್ಲಿ ಇದ್ದು ಬಂದವರು, ಲೇಹ್ ಕಡೆ ಸೇನೆಯಲ್ಲಿದ್ದವರು ದಯವಿಟ್ಟು ತಿಳಿಸಿ. ಜನವರಿ 4ಕ್ಕೆ ಅವರು ಅಲ್ಲಿಂದ ಹೊರಡುತ್ತಾರೆ.