ಐಲ್ ಆಫ್ ಮ್ಯಾನ್ ಟಿಟಿಗೆ ಅಪ್ಪನ ಜೊತೆ ಹೋಗಬೇಕು: ಹೋಗಿ ಬಂದವರು ದಯವಿಟ್ಟು ಅನುಭವ ಹೇಳಿ

ಮೂಡಿಗೆರೆ ರೋಡ್‌ಕಿಂಗ್:
ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷ ಮೇ ಕೊನೆಗೆ ಟಿಟಿ (ಇಂಗ್ಲೆಂಡ್ ಪಕ್ಕದ ಐಲ್ ಆಫ್ ಮ್ಯಾನ್ ದ್ವೀಪದ ರಸ್ತೆಗಳಲ್ಲಿ ನಡೆಯುವ ಬೈಕ್ ರೇಸ್) ನೋಡಲು ಹೋಗುವುದು ಅಂತ ನಿರ್ಧಾರ ಮಾಡಿದ್ದೇನೆ. ಜೊತೆಗೆ ಅಪ್ಪ. ಅವರಿಗೆ 66. ಬಲಗಾಲಿನ ಮಂಡಿ ಆಪರೇಷನ್ ಆಗಿದೆ. ಮನೆಯ ಯೆಜ್ಡಿಯನ್ನು ಈಗಲೂ ಅವರೇ ಸ್ಟಾರ್ಟ್ ಮಾಡುತ್ತಾರೆ, ಕಿಕ್ಕರ್ ಎಡಗಡೆ ಇರೋದು ನಮ್ಮ ಪುಣ್ಯ. ರೇಸರ್ ಜೋಯಿ ಡನ್‌ಲಪ್ 26 ಸಲ ಗೆದ್ದ ರಸ್ತೆಯನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನೋದು ಅವರ ಎಷ್ಟೋ ವರ್ಷದ ಆಸೆ. ನನ್ನ ಪ್ರಶ್ನೆ ಮೂರು. ಮಂಡಿ ನೋವಿರುವವರು ಎಲ್ಲಿ ಕೂತು ನೋಡಬಹುದು? ಬೈಕ್ ಬಾಡಿಗೆಗೆ ತಗೋಬೇಕಾ, ಬಸ್ಸು ಸಾಕಾ? ಇಬ್ಬರಿಗೆ ಎಷ್ಟು ದುಡ್ಡು ಇಟ್ಟುಕೊಳ್ಳಬೇಕು?

ಹಾಸನ ಆರ್‌ಎಕ್ಸ್:
ಗುರು, ಮೊದಲು ವೀಸಾ. ಉಳಿದದ್ದೆಲ್ಲ ಆಮೇಲೆ.

ನಾನು ಹೋಗಿದ್ದು 2023ಕ್ಕೆ. ಹೋಗಬೇಕಿದ್ದದ್ದು 2022ಕ್ಕೆ. ಆ ವರ್ಷ ಶುಂಠಿ ಮಾರಿದ ದುಡ್ಡು 3 ಲಕ್ಷ 80 ಸಾವಿರ ಒಂದೇ ದಿನ ಅಕೌಂಟಿಗೆ ಬಿತ್ತು. ಬೆಂಗಳೂರಿನ ಏಜೆಂಟ್ ಒಬ್ಬ ‘ಬ್ಯಾಲೆನ್ಸ್ ಚೆನ್ನಾಗಿದೆ, ಕಣ್ಣು ಮುಚ್ಚಿ ಹಾಕಿ’ ಅಂದ. ಹಾಕಿದೆ. ರಿಜೆಕ್ಟ್. ದುಡ್ಡು ಎಲ್ಲಿಂದ ಬಂತು ಅನ್ನೋದಕ್ಕೆ ಆಧಾರ ಇಲ್ಲ ಅಂತ ಕಾಗದ ಬಂತು. ಹೊಲದಲ್ಲೇ ಮೂಟೆ ತೂಕ ಹಾಕಿ ವ್ಯಾಪಾರ ಮುಗಿಸಿದವನ ಹತ್ತಿರ ಬಿಲ್ ಎಲ್ಲಿರುತ್ತೆ? ನಮ್ಮ ಬೇಸಾಯದ ಆದಾಯಕ್ಕೆ ಟ್ಯಾಕ್ಸ್ ಇಲ್ಲ, ಹಾಗಾಗಿ ರಿಟರ್ನ್ಸ್ ಕೂಡ ಇರಲಿಲ್ಲ. ವೀಸಾ ಫೀಸು ಹೋಯಿತು, ಏಜೆಂಟಿಗೆ ಕೊಟ್ಟ 15 ಸಾವಿರ ಹೋಯಿತು, ಟಿಕೆಟ್ ಕ್ಯಾನ್ಸಲ್ ಮಾಡಿದ್ದಕ್ಕೆ 31,200 ಹೋಯಿತು. ಮನೆಯಲ್ಲಿ ಒಂದು ತಿಂಗಳು ಯಾರೂ ಸರಿಯಾಗಿ ಮಾತಾಡಲಿಲ್ಲ.

ಎರಡನೇ ಸಲ ನಾನೇ ಕೂತು ಹಾಕಿದೆ. ಪಹಣಿ, ಮಂಡಿಯ ಬಿಲ್ಲು, ಆರು ತಿಂಗಳ ಸ್ಟೇಟ್‌ಮೆಂಟ್. ಬಂದ ಒಂದೊಂದು ಮೊತ್ತದ ಪಕ್ಕದಲ್ಲೂ ಯಾವ ಬೆಳೆ, ಎಷ್ಟು ಮೂಟೆ, ಯಾರಿಗೆ ಮಾರಿದ್ದು ಅಂತ ಟೈಪ್ ಮಾಡಿ ಹಚ್ಚಿದೆ. ಹದಿನೇಳನೇ ದಿನಕ್ಕೆ ಪಾಸ್‌ಪೋರ್ಟ್ ಕೈಗೆ ಬಂತು. ಆ ದ್ವೀಪ ಯುಕೆ ಒಳಗೆ ಸೇರಿಲ್ಲ, ಆದರೆ ಯುಕೆ ವಿಸಿಟರ್ ವೀಸಾ ನಡೆಯುತ್ತೆ.

ಖರ್ಚು: ವಿಮಾನ 78,400. ಲಂಡನ್‌ನಿಂದ ಹೀಶಮ್ ಬಂದರಿಗೆ ರೈಲು 6,500. ಹಡಗಿಗೆ ಹೋಗಿ ಬರಲು 9 ಸಾವಿರ, ದ್ವೀಪದ ಮುಖ್ಯ ಊರು ಡಗ್ಲಸ್ ತಲುಪಲು ನಾಲ್ಕು ಗಂಟೆಗೆ ಸ್ವಲ್ಪ ಕಡಿಮೆ. ಹೋಟೆಲ್ ಸಿಗಲ್ಲ, ಊರಿನವರೇ ತಮ್ಮ ಮನೆಯ ರೂಮು ಕೊಡುತ್ತಾರೆ. ಹೆಸರೂ ಹೋಂಸ್ಟೇನೇ. ಆರು ರಾತ್ರಿಗೆ 55 ಸಾವಿರ. ಉಳಿದ ಖರ್ಚೂ ಸೇರಿ ಒಟ್ಟು 2 ಲಕ್ಷ 61 ಸಾವಿರ, ಒಬ್ಬನಿಗೆ.

ಒಂದೊಂದು ಪೈಸೆಯೂ ಸಾರ್ಥಕ. ಕೊನೆಯ ಶುಕ್ರವಾರ ಕ್ರೆಗ್-ನಿ-ಬಾ ತಿರುವಿನಲ್ಲಿ ಕೂತಿದ್ದೆ. ಬೆಟ್ಟದಿಂದ ಇಳಿಯುವ ನೇರ ರಸ್ತೆ, ಕೆಳಗೆ ಬಲಕ್ಕೆ ತಿರುವು. ಮೊದಲು ಸದ್ದು, ಆಮೇಲೆ ಚುಕ್ಕಿ, ಉಸಿರು ಎಳೆದುಕೊಳ್ಳುವಷ್ಟರಲ್ಲಿ ಬೈಕು ಪಕ್ಕದಲ್ಲೇ. ಪೀಟರ್ ಹಿಕ್‌ಮನ್ ಅವತ್ತು ಸೂಪರ್‌ಸ್ಟಾಕ್ ಅನ್ನೋ ರೇಸಿನಲ್ಲಿ ಗಂಟೆಗೆ 136.358 ಮೈಲಿ ಸರಾಸರಿಯಲ್ಲಿ ಸುತ್ತು ಮುಗಿಸಿದ. 219 ಕಿ.ಮೀ.ಗೂ ಜಾಸ್ತಿ. ಒಂದು ಸುತ್ತು ಅಂದರೆ 60.7 ಕಿ.ಮೀ., ಹೆಚ್ಚು ಕಡಿಮೆ ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರಿಗೆ ಇರುವಷ್ಟು. ನಮಗೆ ಒಂದೂವರೆ ಗಂಟೆ ಬೇಕು. ಅವನು ತಗೊಂಡಿದ್ದು 16 ನಿಮಿಷ 36 ಸೆಕೆಂಡ್. ರೇಡಿಯೋದಲ್ಲಿ ಹೇಳಿದಾಗ ಪಕ್ಕದಲ್ಲಿದ್ದ ಅಜ್ಜ ನನ್ನ ಕೈ ಹಿಡಿದು ಅತ್ತುಬಿಟ್ಟರು.

ಬಾಳೆಹೊನ್ನೂರು ಟ್ವಿನ್:
2023ಕ್ಕೆ ಹೋದವರು ಹೀಗೇ ಬರೆಯೋದು. ಆ ವರ್ಷ ಬಿಸಿಲು ಇತ್ತು. ನಾನು 2025ಕ್ಕೆ ಹೋದೆ. ಸೀನಿಯರ್ ರೇಸ್ ನೋಡಬೇಕು ಅಂತಲೇ ಹೋಗಿದ್ದು. ಆರು ಸುತ್ತು, ಎಲ್ಲ ರೇಸಿಗಿಂತ ದೊಡ್ಡ ಹೆಸರು ಅದಕ್ಕೇ. ಅವತ್ತೇ ಗಾಳಿ ಮಳೆ. ಕಾದೆವು, ಕಾದೆವು, ಕೊನೆಗೆ ರದ್ದು ಅಂದರು.

ಹೊಸಬರಿಗೆ ಗೊತ್ತಿರಲಿ: ರಸ್ತೆ ಒದ್ದೆ ಅಂತ ಮಾತ್ರ ನಿಲ್ಲಿಸೋದಲ್ಲ. ಬೆಟ್ಟದ ಮೇಲೆ ಮಂಜು ಕೂತರೆ ಹೆಲಿಕಾಪ್ಟರ್ ಇಳಿಯಲು ಆಗಲ್ಲ. ಗಾಯ ಆದವರನ್ನು ಎತ್ತಿಕೊಂಡು ಹೋಗೋದು ಅದೇ. ಡಗ್ಲಸ್‌ನಲ್ಲಿ ಬಿಸಿಲಿದ್ದರೂ ಮೇಲೆ ನಮ್ಮ ಚಾರ್ಮಾಡಿ ಜುಲೈನಲ್ಲಿ ಇರುತ್ತಲ್ಲ, ಹಾಗೆ ಇರುತ್ತೆ.

ಬಾಡಿಗೆ ಬೈಕಿನ ಬಗ್ಗೆ: ತಗೋಬೇಡಿ. ನಾನು ಮ್ಯಾಂಚೆಸ್ಟರ್ ಕಡೆ 650 ಸಿಸಿ ತಗೊಂಡೆ. ಡಿಪಾಸಿಟ್ಟೇ ಸಾವಿರ ಪೌಂಡ್. ಹಡಗಿನಲ್ಲಿ ಬೈಕಿಗೆ ಬೇರೆ ಚಾರ್ಜು. ಮೂರನೇ ದಿನ ಪಾರ್ಕಿಂಗ್ ಮಾಡಿದ್ದು ಹುಲ್ಲಿನ ಮೈದಾನದಲ್ಲಿ. ರಾತ್ರಿ ಮಳೆ ಬಂದು ಸೈಡ್ ಸ್ಟ್ಯಾಂಡ್ ನೆಲಕ್ಕೆ ಇಳಿಯಿತು, ಬೆಳಿಗ್ಗೆ ಬೈಕು ಮಲಗಿತ್ತು. ಸುತ್ತ ಇದ್ದವರೆಲ್ಲ ಸ್ಟ್ಯಾಂಡ್ ಕೆಳಗೆ ಚಪ್ಪಟೆ ಮಾಡಿದ ಡಬ್ಬಿ, ಹಲಗೆ ಚೂರು ಇಟ್ಟಿದ್ದರು. ನನಗೆ ಯಾರೂ ಹೇಳಿರಲಿಲ್ಲ. ಕ್ಲಚ್ ಲಿವರ್, ಇಂಡಿಕೇಟರ್, ಟ್ಯಾಂಕಿನ ಎಡಗಡೆ ಬೆರಳಗಲ ತಗ್ಗು. 620 ಪೌಂಡ್ ಹಿಡಿದುಕೊಂಡರು. ಪರ್ಸನಲ್ ಲೋನಿನ ಕಂತು ತಿಂಗಳಿಗೆ 9,870, ಇನ್ನೂ ಕಟ್ಟುತ್ತಿದ್ದೇನೆ.

ಹಾಸನ ಆರ್‌ಎಕ್ಸ್:
ಜೋಯಿಯ ತಮ್ಮನ ಮಗ ಮೈಕಲ್ ಡನ್‌ಲಪ್ ಅದೇ ವರ್ಷ 33ನೇ ಗೆಲುವು ಮುಟ್ಟಿದ್ದನ್ನು ನೋಡಿದ್ದೀರಲ್ಲ, ಅದನ್ನೂ ಬರೆಯಿರಿ. ಸುಮ್ನೆ ಹೊಸಬರನ್ನು ಹೆದರಿಸಬೇಡಿ.

ಬಾಳೆಹೊನ್ನೂರು ಟ್ವಿನ್:
ಹೆದರಿಸುತ್ತಿಲ್ಲ. ಕಟ್ಟುತ್ತಿರುವ ಕಂತಿನ ಲೆಕ್ಕ ಹೇಳಿದೆ. ನಿಮ್ಮ ಶುಂಠಿ ಲೆಕ್ಕ ನೀವು ಹೇಳಿದಿರಿ, ನಾನು ಕೇಳಿಸಿಕೊಳ್ಳಲಿಲ್ವಾ?

ಸಕಲೇಶಪುರ ಬಳ್ಳಿಮೆಣಸು:
ಮೂಡಿಗೆರೆಯವರೇ, ನಿಮ್ಮದು ತೋಟ ಅಂತ ಊಹಿಸಿ ಬರೆಯುತ್ತೇನೆ. ಟಿಟಿ ನಡೆಯೋದು ಯಾವಾಗ? ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗೆ. ನಮ್ಮಲ್ಲಿ ಮೆಣಸಿನ ಬಳ್ಳಿಗೆ ರೋಗ ಬರದಂತೆ ಬೋರ್ಡೋ ದ್ರಾವಣ ಹೊಡೆಯೋದು ಯಾವಾಗ? ಅದೇ ಹದಿನೈದು ದಿನ.

ನಾನು 2018ಕ್ಕೆ ಹೋಗಿದ್ದೆ. ಮೈಲುತುತ್ತ, ಸುಣ್ಣ ಎಲ್ಲ ತಂದಿಟ್ಟು, ಡ್ರಮ್ಮು ತೊಳೆಸಿಟ್ಟು, ಮೇಸ್ತ್ರಿಗೆ ಮೂರು ಸಲ ಹೇಳಿ ಹೊರಟೆ. ಸ್ಪ್ರೇಯರಿನ ಎಂಜಿನ್ ಎರಡನೇ ದಿನಕ್ಕೆ ಸೀಜ್ ಆಯಿತಂತೆ. ರಿಪೇರಿ ಆಗಿ ಬರುವ ಹೊತ್ತಿಗೆ ಮಳೆ ಹಿಡಿಯಿತು. ಆ ವರ್ಷ ನಮ್ಮಲ್ಲಿ ಎಂಥ ಮಳೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಸೆಪ್ಟೆಂಬರಿಗೆ ಸೊರಗು ರೋಗ. ಹಳ್ಳದ ಬದಿಯಲ್ಲಿ 412 ಬಳ್ಳಿ ಎಣಿಸಿದ್ದೇನೆ, ನಾನೇ ಸುಣ್ಣದಲ್ಲಿ ಗುರುತು ಹಾಕುತ್ತಾ ಹೋದೆ. ಹನ್ನೆರಡು ವರ್ಷದ ಬಳ್ಳಿಗಳು. ಅಪ್ಪ ನೆಟ್ಟಿದ್ದು. ಬುಡ ಕೈಯಲ್ಲಿ ಹಿಡಿದರೆ ತೊಗಟೆ ಕಪ್ಪಗೆ ಜಾರಿಕೊಂಡು ಬರುತ್ತಿತ್ತು. ಒಂದು ಪ್ರವಾಸಕ್ಕೆ ನಾನು ಕೊಟ್ಟ ನಿಜವಾದ ಬೆಲೆ ಅದು.

ಹಾಗಾಗಿ 2024ಕ್ಕೆ ಹೋದಾಗ ಆಗಸ್ಟಿಗೆ ಹೋದೆ, ಮ್ಯಾಂಕ್ಸ್ ಗ್ರ್ಯಾಂಡ್ ಪ್ರಿಕ್ಸ್‌ಗೆ. ಅದು ಶುರುವಾದದ್ದು 1923ರಲ್ಲಿ. ಅದೇ ರಸ್ತೆ, ಅದೇ ಬೆಟ್ಟ. ಜನ ಕಡಿಮೆ, ರೂಮು ಸಲೀಸು. ಹಳೆಯ ಬೈಕುಗಳ ರೇಸೂ ಇರುತ್ತೆ. ಯೆಜ್ಡಿ ಓಡಿಸಿದ ಅಪ್ಪನವರಿಗೆ ಟಿಟಿಗಿಂತ ಅದೇ ಇಷ್ಟ ಆಗುತ್ತೆ.

ಹಾಸನ ಆರ್‌ಎಕ್ಸ್:
ಅಣ್ಣ, ಬೇಜಾರು ಮಾಡ್ಕೋಬೇಡಿ, ಮ್ಯಾಂಕ್ಸ್ ಟಿಟಿ ಅಲ್ಲ. ದೊಡ್ಡ ರೈಡರ್‌ಗಳು ಹೊಸ ಸೂಪರ್‌ಬೈಕ್ ಓಡಿಸೋದನ್ನು ನೋಡಬೇಕು ಅಂದರೆ ಜೂನ್ ಒಂದೇ. ಜೀವನದಲ್ಲಿ ಒಂದು ಸಲ ಹೋಗುವವರಿಗೆ ಆಗಸ್ಟ್ ಹೇಳೋದು ಮೋಸ.

ಸಕಲೇಶಪುರ ಬಳ್ಳಿಮೆಣಸು:
ಮೋಸ ಅನ್ನೋ ಮಾತು ವಾಪಸ್ ತಗೊಳ್ಳಿ. ಎರಡನ್ನೂ ನೋಡಿದವನು ನಾನು. ನೀವು ಒಂದನ್ನೇ ನೋಡಿದ್ದೀರಿ.

ಚಿಕ್ಕಮಗಳೂರು ಕ್ಯಾಶುಯಾಲ್ಟಿ:
ನಾನು ಆಸ್ಪತ್ರೆಯಲ್ಲಿ ಎಮರ್ಜೆನ್ಸಿ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ಇಷ್ಟು ಜನ ಬರೆದಿದ್ದೀರಿ, ಸಾವಿನ ಬಗ್ಗೆ ಒಬ್ಬರೂ ಒಂದು ಸಾಲು ಬರೆದಿಲ್ಲ. ಟಿಟಿ, ಮ್ಯಾಂಕ್ಸ್ ಎರಡೂ ಸೇರಿ ಆ ರಸ್ತೆಯಲ್ಲಿ 260ಕ್ಕೂ ಜಾಸ್ತಿ ರೈಡರ್‌ಗಳು ಹೋಗಿದ್ದಾರೆ. 2022ರಲ್ಲಿ ಒಂದೇ ಸೈಡ್‌ಕಾರಿನಲ್ಲಿ ಅಪ್ಪ ಮಗ ಇಬ್ಬರೂ ಹೋದರು. ಹತ್ತು ಸಲ ಟಿಟಿ ಗೆದ್ದ ಅಗೋಸ್ಟಿನಿ 1972ರಲ್ಲಿ ಗೆಳೆಯ ಸತ್ತ ಮೇಲೆ ಮತ್ತೆ ಅಲ್ಲಿ ರೇಸ್ ಮಾಡಲೇ ಇಲ್ಲ.

ನನ್ನ ತಮ್ಮ ದಿನಾ ರಾತ್ರಿ ಅದೇ ವಿಡಿಯೋ ನೋಡುತ್ತಿದ್ದ. ಬ್ರೇ ಹಿಲ್, ಬಾಲಾ ಬ್ರಿಡ್ಜ್, ಆ ರಸ್ತೆಯ ಜಾಗಗಳೆಲ್ಲ ಬಾಯಿಪಾಠ. ಒಂದು ಭಾನುವಾರ ಬೆಳಿಗ್ಗೆ ಇಲ್ಲಿ ನಮ್ಮ ಗಿರಿ ರಸ್ತೆಯಲ್ಲಿ ಇಳಿಯುವಾಗ ಎದುರಿಗೆ ಜೀಪು ಬಂತು. ಆಗ ಅವನಿಗೆ 23. ಅವತ್ತು ಡ್ಯೂಟಿಯಲ್ಲಿ ಇದ್ದವಳು ನಾನೇ. ಹೆಲ್ಮೆಟ್ಟಿನ ಪಟ್ಟಿ ಕತ್ತರಿಸಿದ್ದು ನನ್ನ ಕೈ.

ಹಾಸನ ಆರ್‌ಎಕ್ಸ್:
ಮೇಡಂ, ನಿಮ್ಮ ತಮ್ಮನ ವಿಷಯ ಓದಿ ಬಹಳ ಸಂಕಟ ಆಯಿತು. ಆದರೆ ಅಲ್ಲಿ ರಸ್ತೆ ಮುಚ್ಚಿ ರೇಸ್ ಮಾಡುತ್ತಾರೆ. ಎದುರಿಗೆ ಯಾವ ಗಾಡಿಯೂ ಬರಲ್ಲ. ಹತ್ತು ಸೆಕೆಂಡಿಗೆ ಒಬ್ಬರಂತೆ ಬಿಡುತ್ತಾರೆ. ತಿರುವು ತಿರುವಿಗೂ ಮಾರ್ಷಲ್‌ಗಳಿರುತ್ತಾರೆ, ಎಲ್ಲರೂ ಸಂಬಳ ಇಲ್ಲದೆ ಬಂದು ನಿಲ್ಲುವವರು. ಗಿರಿ ರಸ್ತೆಗೂ ಅದಕ್ಕೂ ಹೋಲಿಸಬೇಡಿ.

ಚಿಕ್ಕಮಗಳೂರು ಕ್ಯಾಶುಯಾಲ್ಟಿ:
ಹೋಲಿಸುತ್ತಿರುವುದು ನಾನಲ್ಲ, ಅಲ್ಲಿಂದ ಬಂದು ಇಲ್ಲಿ ಓಡಿಸುವ ಹುಡುಗರು. ‘ಮ್ಯಾಡ್ ಸಂಡೇ’ ದಿನ ಜನಸಾಮಾನ್ಯರೇ ಅದೇ ಬೆಟ್ಟದ ರಸ್ತೆಯಲ್ಲಿ ಬೈಕು ಬಿಡುತ್ತಾರೆ ಅಲ್ವಾ? ಅದನ್ನು ಯಾಕೆ ಹೇಳಲ್ಲ?

ಬಾಳೆಹೊನ್ನೂರು ಟ್ವಿನ್:
ಮೇಡಂ ಹೇಳಿದ್ದು ನಿಜ. ಆ ಹೊತ್ತಿಗೆ ಬೆಟ್ಟದ ರಸ್ತೆಯನ್ನು ಒನ್‌ವೇ ಮಾಡಿರುತ್ತಾರೆ. ಆದರೂ ನನ್ನನ್ನು ದಾಟಿ ಹೋದ ಸ್ಪೀಡಿಗೆ ನನ್ನ ಬೈಕೇ ಅಲುಗಾಡಿತು. ನಾನು ಎಡಕ್ಕೆ ನಿಲ್ಲಿಸಿ ಹತ್ತು ನಿಮಿಷ ಸುಮ್ಮನೆ ಕೂತೆ.

ಅರಸೀಕೆರೆ ಎಕ್ಸ್‌ಪ್ರೆಸ್:
ಇಷ್ಟು ಕಷ್ಟ ಯಾಕೆ? ಚೀನಾದ ಮಕಾವ್‌ಗೆ ಹೋಗಿ. ನವೆಂಬರ್‌ನಲ್ಲಿ. ಅಲ್ಲಿ 1967ರಿಂದ ಬೈಕ್ ರೇಸ್ ನಡೆದಿದೆ. ಊರೊಳಗಿನ ಬೀದಿ, ಸುತ್ತು ಆರು ಕಿ.ಮೀ. ಚಿಲ್ಲರೆ. ನಮ್ಮ ಪಾಸ್‌ಪೋರ್ಟಿಗೆ ಮಕಾವ್‌ಗೆ ವೀಸಾ ಬೇಡ. ಹಾಂಗ್‌ಕಾಂಗ್ ಮೇಲೆ ಹೋದರೆ ಮೊದಲೇ ಆನ್‌ಲೈನಿನಲ್ಲಿ ರಿಜಿಸ್ಟರ್ ಮಾಡಬೇಕು, ಅಷ್ಟೇ. 2019ರಲ್ಲಿ ನನಗೆ ಆದ ಒಟ್ಟು ಖರ್ಚು 71,300. ಚಾಕೊಲೇಟ್ ಸೇರಿ. ಈಗ ಹೋಗುವವರು ಆ ವರ್ಷ ಬೈಕ್ ರೇಸ್ ಇದೆಯಾ ಅಂತ ನೋಡಿಕೊಂಡು ಟಿಕೆಟ್ ಮಾಡಿ.

ಹಾಸನ ಆರ್‌ಎಕ್ಸ್:
ಮಕಾವ್ ಚೆನ್ನಾಗಿರಬಹುದು. ಆದರೆ ಟಿಟಿ ಶುರುವಾದದ್ದು 1907ರಲ್ಲಿ, ಬೆಟ್ಟದ ರಸ್ತೆಗೆ ಬಂದದ್ದು 1911ರಲ್ಲಿ. ಮೊದಲ ವರ್ಷ ಟ್ವಿನ್ ಕ್ಲಾಸ್ (ಎರಡು ಸಿಲಿಂಡರ್ ಬೈಕುಗಳದ್ದು) ಗೆದ್ದದ್ದು ರೆಮ್ ಫೌಲರ್, ನಾರ್ಟನ್ ಬೈಕಿನಲ್ಲಿ. ಆ ನಾರ್ಟನ್ ಈಗ ನಮ್ಮದು, ಟಿವಿಎಸ್‌ನವರು 2020ರಲ್ಲಿ ತಗೊಂಡರು. ಅದನ್ನು ನೆನೆದರೆ ಎದೆ ಉಬ್ಬುತ್ತೆ.

ಅರಸೀಕೆರೆ ಎಕ್ಸ್‌ಪ್ರೆಸ್:
ದುಡ್ಡು ಕೊಟ್ಟು ಕೊಂಡರೆ ಗೆಲುವು ನಮ್ಮದಾಗುತ್ತಾ? ಮೈಸೂರಿನಲ್ಲಿ ಯೆಜ್ಡಿ ಮಾಡುತ್ತಿದ್ದ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಆಗ ಯಾರ ಎದೆ ಉಬ್ಬಿತ್ತು? ನಮ್ಮ ಚಿಕ್ಕಪ್ಪ ಅಲ್ಲಿ ಕೆಲಸದಲ್ಲಿದ್ದರು. ಆಮೇಲೆ ಅರಸೀಕೆರೆಗೆ ಬಂದು ತೆಂಗಿನಕಾಯಿ ವ್ಯಾಪಾರ ಮಾಡಿದರು.

ಸಕಲೇಶಪುರ ಬಳ್ಳಿಮೆಣಸು:
ಎಲ್ಲರೂ ಹೊರದೇಶದ ಮಾತೇ ಆಡುತ್ತಿದ್ದೀರಿ. ಚಿಕ್ಕಮಗಳೂರಿನ ಕಾಫಿ ತೋಟದೊಳಗೆ ಕಾರ್ ರ್‍ಯಾಲಿ ನಡೆದಾಗ ಎಷ್ಟು ಜನ ಬಂದಿದ್ದಿರಿ? ನಾನು ಬೆಳಿಗ್ಗೆ ಐದಕ್ಕೇ ಹೋಗಿ ಕೆಮ್ಮಣ್ಣಿನ ಧೂಳಿನಲ್ಲಿ ನಿಂತಿದ್ದೆ.

ಹಾಸನ ಆರ್‌ಎಕ್ಸ್:
ಬಂದಿದ್ದೆ ಅಣ್ಣ. ಎರಡು ಸಲ. ಎಲ್ಲರ ಮೇಲೂ ಹಾಗೆ ಹೇಳಬೇಡಿ.

ಮೂಡಿಗೆರೆ ರೋಡ್‌ಕಿಂಗ್:
ಬರೆದ ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಊಟ ಆದ ಮೇಲೆ ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. 412 ಬಳ್ಳಿ ಅಂದಾಗ ಸುಮ್ಮನಾಗಿ ಎದ್ದು ಹೊರಗೆ ಹೋದರು. ನಮ್ಮದೂ ತೋಟವೇ. ಚಿಕ್ಕಮಗಳೂರಿನ ಅಕ್ಕ ತಮ್ಮನ ಬಗ್ಗೆ ಬರೆದದ್ದನ್ನು ಎರಡು ಸಲ ಓದಿಸಿಕೊಂಡರು. ಅಕ್ಕ, ಅಪ್ಪ ನಿಮಗೆ ಸಮಾಧಾನ ಹೇಳು ಅಂದಿದ್ದಾರೆ, ನನಗೆ ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ. ಬಾಡಿಗೆ ಬೈಕು ಕೈಬಿಟ್ಟೆ. ಕೂರುವ ಜಾಗ ಮಾತ್ರ ಯಾರೂ ಹೇಳಲಿಲ್ಲ. ಆಗಸ್ಟಿಗೆ ಹೋದರೂ ಜೋಯಿಯ ಪ್ರತಿಮೆ ಅಲ್ಲೇ ಇರುತ್ತಲ್ವಾ ಅಂತ ಅಪ್ಪ ಕೇಳುತ್ತಿದ್ದಾರೆ.

ಹಾಸನ ಆರ್‌ಎಕ್ಸ್:
ಆಗಸ್ಟ್ ಬೇಡ ಗುರು. ಸ್ಪ್ರೇ ಮಾಡಿಸಲು ನಂಬಿಕೆಯವರನ್ನು ಬಿಟ್ಟು ಜೂನ್‌ಗೇ ಹೋಗಿ. ಗ್ರ್ಯಾಂಡ್‌ಸ್ಟ್ಯಾಂಡಿನಲ್ಲಿ ಟಿಕೆಟ್ ತಗೊಂಡರೆ ಸೀಟು ಸಿಗುತ್ತೆ. ಬೈಕು ಒಂದೊಂದಾಗಿ ಬಿಡೋದು, ಪೆಟ್ರೋಲ್ ತುಂಬೋದು ಎಲ್ಲ ಎದುರಿಗೇ ಕಾಣುತ್ತೆ. ಬೇರೆ ಕಡೆ ಹೆಚ್ಚಿನ ಜಾಗ ಫ್ರೀ, ಆದರೆ ಬೇಲಿ ದಿಬ್ಬ ಹತ್ತಬೇಕು. ರಸ್ತೆ ಮುಚ್ಚಿದ ಮೇಲೆ ಗಂಟೆಗಟ್ಟಲೆ ಆಚೆ ದಾಟಲು ಬಿಡಲ್ಲ, ಟಾಯ್ಲೆಟ್ ಎಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ.

ಸಕಲೇಶಪುರ ಬಳ್ಳಿಮೆಣಸು:
ಇರುತ್ತೆ ಅಂತ ಹೇಳಿ ಅಪ್ಪನವರಿಗೆ. ಬಂಗಲೋ ಅನ್ನುವ ಜಾಗದಲ್ಲಿದೆ, ಹೋಂಡಾ ಮೇಲೆ ಕೂತ ಹಾಗೆ ಕಂಚಿನಲ್ಲಿ ಮಾಡಿದ್ದಾರೆ. ಬೆಟ್ಟ ಹತ್ತಿ ಸುಸ್ತಾಗಬೇಕಿಲ್ಲ. ಡಗ್ಲಸ್ ಸಮುದ್ರದ ದಂಡೆಯಿಂದ ಹಳೆಯ ಎಲೆಕ್ಟ್ರಿಕ್ ಟ್ರಾಮ್ ಹತ್ತಿ, ಲ್ಯಾಕ್ಸಿಯಲ್ಲಿ ಇಳಿದು ಬೆಟ್ಟದ ಟ್ರಾಮಿಗೆ ಬದಲಾಯಿಸಿ. ಅದು ಬಂಗಲೋದಲ್ಲೇ ನಿಲ್ಲುತ್ತೆ. ಲ್ಯಾಕ್ಸಿವರೆಗೆ ಬಲಗಡೆ ಕಿಟಕಿ ಹಿಡಿದರೆ ಸಮುದ್ರ ಕಾಣುತ್ತೆ. ಒಂದು ಮಡಚುವ ಕುರ್ಚಿ, ಒಂದು ಕಂಬಳಿ ತಗೊಂಡು ಹೋಗಿ. ಮೇಲೆ ಗಾಳಿ ಜಾಸ್ತಿ.